ಕಾರಿನ ಕೀಲಿ ನನ್ನ ಹತ್ತಿರ ಇದೆ

ಪ್ರೀತಿಯ ತಮ್ಮಾ,

ಫೋನಿನಲ್ಲಿ ಮಾತಾಡಿದರೆ ನಿನ್ನ ಭಾವನಿಗೆ ಕೇಳಿಸುತ್ತದೆ. ಅದಕ್ಕೆ ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೂರು ದಿನದ ಸುತ್ತಾಟಕ್ಕೆಂದು ಇಬ್ಬರಿಗೂ ಸೇರಿ ಒಂದೇ ಚೀಲ ತುಂಬಿಕೊಂಡು ಕಾರಿನಲ್ಲಿ ಹೊರಟಿದ್ದೆವು. ನಾನು ಹೊಲಿದ ತಿಳಿನೀಲಿ ಲಿನನ್ ಅಂಗಿ ತೊಟ್ಟು ಅವರು ಕನ್ನಡಿ ಮುಂದೆ ನಿಂತು, "ಮೂವತ್ತು ವರ್ಷ ಬಸ್ ಓಡಿಸ್ದೋನು ಅಂತ ಯಾರಾದ್ರೂ ಅಂತಾರೇನೇ?" ಎಂದು ನಕ್ಕರು.

ನಿನ್ನೆ ಬೆಟ್ಟದ ಇಳಿಜಾರಿನಲ್ಲಿ ಲಾರಿ ಎದುರಾಯಿತು. ಅವರು ಕಾಲಿನ ಕಡೆ ನೋಡುತ್ತಾ, "ಬ್ರೇಕ್ ಯಾವ್ದೇ?" ಎಂದು ಮೆಲ್ಲಗೆ ಕೇಳಿದರು. ತಮಾಷೆ ಎಂದುಕೊಂಡೆ. ಮುಖ ನೋಡಿದರೆ ಬೆವರು ಇಳಿಯುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ತಡೆಗೋಡೆಗೆ ತಾಗಿ ನಿಂತಿತು, ಲಾರಿ ಗೇಣು ದೂರದಲ್ಲಿ ಹಾದುಹೋಯಿತು. ಆಮೇಲೆ ಒಬ್ಬ ಮೆಕ್ಯಾನಿಕ್ ಬಂದು ನಮ್ಮನ್ನೂ ಕಾರನ್ನೂ ಈ ಲಾಡ್ಜಿಗೆ ತಂದುಬಿಟ್ಟ. ಇವತ್ತು ಬಂಪರ್ ನೋಡಿ ಅವರು, "ಯಾರೇ ಗುದ್ದಿದ್ದು?" ಎಂದರು.

ಕೀಲಿಯನ್ನು ನನ್ನ ಹೊಸ ಪ್ಯಾಂಟಿನ ಜೇಬಿನೊಳಗಿಟ್ಟು ಹೊಲಿದುಬಿಟ್ಟಿದ್ದೇನೆ. ಬೆಳಗಿನಿಂದ ಹುಡುಕುತ್ತಿದ್ದಾರೆ. ಒಂದು ಸಲವೂ ರೇಗಲಿಲ್ಲ.

ನಾಳೆ ಮೊದಲ ಬಸ್ಸಿಗೆ ಬಾ, ಲಾಡ್ಜಿನ ವಿಳಾಸ ಪತ್ರದ ಹಿಂದೆ ಬರೆದಿದ್ದೇನೆ. ಈ ಕಡೆ ಕೆಲಸವಿತ್ತು ಎನ್ನು. ಕಾರು ಓಡಿಸುವ ಆಸೆ ಎಂದು ನೀನೇ ಕೇಳು. ಅವರ ಕೈಯಿಂದ ಕಿತ್ತುಕೊಂಡ ಹಾಗಾಗಬಾರದು.

ಯಾರಿಗೆ ಬರೆಯುತ್ತಿದ್ದೀಯ ಎಂದು ಈಗಷ್ಟೇ ಕೇಳಿದರು. ತಮ್ಮನಿಗೆ ಎಂದೆ.

"ನಿಂಗೆ ತಮ್ಮ ಇದಾನಾ?" ಎಂದರು.

ಬೇಗ ಬಾ.

ನಿನ್ನ ಅಕ್ಕ