ಮೈನ್ ಎಂದು ಕೂಗಿದವರಿಗೆ

ವಕ್ರಾ ಕ್ಯಾಂಪ್, ಕತಾರ್
ಶನಿವಾರ, ೧೬ ನವೆಂಬರ್ ೧೯೯೬

ಪ್ರೀತಿಯ ಬೊನವೆಂಚರ್ ಅಣ್ಣನಿಗೆ ನಿಮ್ಮ ತನಿಯ ಮಾಡುವ ನಮಸ್ಕಾರಗಳು.

ಮೊದಲಿಗೆ ನನ್ನ ಅಕ್ಷರಕ್ಕೆ ಕ್ಷಮೆ ಕೇಳುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಒತ್ತಕ್ಷರ ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ. ಮಂಚದ ಮೇಲೆ ಬಿಸ್ಕತ್ತಿನ ಡಬ್ಬ ಇಟ್ಟು ಬರೆಯುತ್ತಿದ್ದೇನೆ, ಅದಕ್ಕೇ ಸಾಲುಗಳು ಕೆಳಗೆ ಜಾರಿವೆ. ಅಂಗಡಿಯ ಮೊಯ್ದಿನ್ ಕುಂಞಿಯವರು ನಾಳೆ ಊರಿಗೆ ಹೋಗುತ್ತಾರೆ. ಕಿನ್ನಿಗೋಳಿಗೆ ಬಂದು ನಿಮ್ಮ ಕೈಯಲ್ಲೇ ಕೊಡುತ್ತೇನೆ ಎಂದಿದ್ದಾರೆ.

ನೀವು, ವೆರೋನಿಕಾ ಅಕ್ಕ, ಮಕ್ಕಳು ಕ್ಷೇಮವಾಗಿರಬೇಕು. ಮೊಯ್ದಿನ್ ಕುಂಞಿಯವರ ಅಂಗಡಿಯಿಂದಲೇ ನಿಮಗೆ ಎರಡು ಸಲ ಫೋನ್ ಮಾಡಿದ್ದೆ. ಎರಡು ಸಲವೂ ಅಕ್ಕನೇ ಎತ್ತಿ ನೀವು ಮನೆಯಲ್ಲಿಲ್ಲ ಎಂದರು. ಹಿಂದಿನಿಂದ ಕೆಮ್ಮು ಕೇಳಿಸಿತು. ಆ ಕೆಮ್ಮನ್ನು ಎರಡು ವರ್ಷ ಪಕ್ಕದ ಮಂಚದಲ್ಲಿ ಮಲಗಿ ಕೇಳಿದವನು ನಾನು. ಅಕ್ಕನ ಮೇಲೆ ಸಿಟ್ಟಿಲ್ಲ.

ನಮ್ಮ ಬೇಸ್‌ಬಾಲ್ ಟೀಮು ಈಗ ಇಲ್ಲ ಅಣ್ಣ. ಶುಕ್ರವಾರ ಯಾರೂ ಕ್ಯಾಂಪಿನ ಹಿಂದಿನ ಗ್ರೌಂಡಿಗೆ ಹೋಗುವುದಿಲ್ಲ. ಬೇಸ್ ಎಂದು ನಾವು ಮರಳು ತುಂಬಿ ಇಟ್ಟಿದ್ದ ಸಿಮೆಂಟ್ ಚೀಲಗಳು ಗಾಳಿಗೆ ಅರ್ಧ ಹೂತುಹೋಗಿವೆ. ಆ ಅಮೆರಿಕದ ಎಂಜಿನಿಯರು ದೇಶಕ್ಕೆ ಮರಳುವಾಗ ಬ್ಯಾಟು, ಗ್ಲೌಸುಗಳನ್ನು ಕೊಟ್ಟು ಹೋದಾಗ ನಗದವರೇ ಇಲ್ಲ. "ಕ್ರಿಕೆಟ್ ಬಿಟ್ಟು ಇದೆಂಥ ಬೇಸ್‌ಬಾಲ್ ಮಾರಾಯ್ರೆ, ಬಟ್ಟೆ ಒಗೆಯುವ ಕೋಲು ಹಿಡಿದುಕೊಂಡು" ಎಂದು ಜೇಕಬ್ ಎಷ್ಟು ತಮಾಷೆ ಮಾಡಿದ್ದ. ವೆರೋನಿಕಾ ಅಕ್ಕನ ತಮ್ಮನೆಂದು ನೀವು ಅವನನ್ನು ಬಿಡಲಿಲ್ಲ. "ನೀನು ಒಂದು ಸುತ್ತು ಓಡಿ ಮುಗಿಸುವುದರೊಳಗೆ ನಿನ್ನ ವೀಸಾ ಮುಗಿಯುತ್ತದೆ ಭಾವ" ಎಂದಿರಿ. ಮಲಯಾಳಿಗಳು, ಫಿಲಿಪಿನೋಗಳು, ನಮ್ಮ ಕಡೆಯವರು ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆ ಆಟದಿಂದ ನೀವು ಕಲಿಸಿದ್ದು ನನಗೆ ಶಾಲೆ ಕಲಿಸಿರಲಿಲ್ಲ. ಔಟ್ ಆದವನು ತಲೆ ತಗ್ಗಿಸಬಾರದು, ಹೋಗಿ ಕೂತು ಮತ್ತೆ ಸರದಿ ಬಂದಾಗ ಏಳಬೇಕು ಎಂದಿರಿ. ಕ್ಯಾಪ್ಟನ್ ಆದವನು ಎಲ್ಲರ ನಂತರ ನೀರು ಕುಡಿಯಬೇಕು ಎಂದಿರಿ, ಹಾಗೆಯೇ ಕುಡಿದಿರಿ. ಚೆಂಡು ಮೇಲೆ ಹೋದಾಗ ಹಿಡಿಯುವವನು "ಮೈನ್", ಅಂದರೆ ನನ್ನದು, ಎಂದು ಕೂಗಬೇಕು. ಕೂಗಿದ ಮೇಲೆ ಉಳಿದವರು ಹಿಂದೆ ಮುಂದೆ ನೋಡದೆ ಪಕ್ಕಕ್ಕೆ ಸರಿಯಬೇಕು. ಇಲ್ಲದಿದ್ದರೆ ಇಬ್ಬರ ತಲೆಯೂ ಒಡೆಯುತ್ತದೆ. ಚೆಂಡು ಕೈಬಿಟ್ಟರೂ ಬಿಟ್ಟವನೇ ಕೈ ಎತ್ತಿ "ಮೈನ್" ಎನ್ನಬೇಕು. ದೊಡ್ಡ ಮ್ಯಾಚಿನಲ್ಲಿ ನಿಮ್ಮ ಕೈಯಿಂದಲೇ ಚೆಂಡು ಜಾರಿ ನಾವು ಸೋತಾಗ, ಅಷ್ಟು ಜನರ ಎದುರು ನೀವು ಕೈ ಎತ್ತಿ ನಿಂತದ್ದು ನನ್ನ ಕಣ್ಣಿನಿಂದ ಹೋಗುವುದಿಲ್ಲ.

ನನಗೆ ಮಾತ್ರ ಕೂಗಲು ಬರಲಿಲ್ಲ. ಎಷ್ಟು ಬೈದಿರಿ! "ಬಾಯಲ್ಲಿ ಅವಲಕ್ಕಿ ಉಂಟಾ ನಿನಗೆ?" ಎಂದಿರಿ. ಊರಿನಲ್ಲಿ ನಮ್ಮ ಮನೆಯವರಿಗೆ ದನಿ ಎತ್ತಬೇಡಿ ಎಂದು ಹೇಳಿದವರೇ ಎಲ್ಲ. ಎತ್ತು ಎಂದವರು ನೀವೊಬ್ಬರೇ.

ಅದಕ್ಕೇ ಆ ದಿನ ನಾನು ಹಗ್ಗ ಬಿಟ್ಟೆ.

ಸೈಟಿನಲ್ಲಿ ನಡೆದದ್ದು ನಿಮಗೆ ಗೊತ್ತು, ಆದರೂ ಬರೆಯುತ್ತೇನೆ. ಕ್ರೇನಿನಿಂದ ಪೈಪು ಕೆಳಗೆ ಇಳಿಯುತ್ತಿತ್ತು. ಅದು ಗಾಳಿಗೆ ತೂಗದಂತೆ ಒಂದು ತುದಿಯ ಹಗ್ಗ ನನ್ನ ಕೈಯಲ್ಲಿತ್ತು. ಜೇಕಬ್ ಗುಂಡಿಯಲ್ಲಿದ್ದ. ಗಾಳಿ ಜೋರಾಯಿತು, ಹಗ್ಗ ನನ್ನನ್ನೇ ಎಳೆಯಿತು. ಹಿಂದಿನಿಂದ ನೀವು ಓಡಿ ಬರುತ್ತಾ "ಮೈನ್" ಎಂದು ಕೂಗಿದಿರಿ. ನಾನು ಬಿಟ್ಟು ಪಕ್ಕಕ್ಕೆ ಸರಿದೆ. ಹಗ್ಗ ನಿಮ್ಮ ಕೈಗೆ ಸಿಗಲಿಲ್ಲ. ಪೈಪು ತಿರುಗಿ ಜೇಕಬ್‌ನ ಕಾಲಿಗೆ ಬಡಿಯಿತು.

ಅದು ಯಾರಿಗೂ ಬೇಕೆಂದು ಆದದ್ದಲ್ಲ. ಆದರೆ ಆಫೀಸಿನಲ್ಲಿ ಕೇಳಿದಾಗ ನೀವು "ಅವನು ಯಾಕೆ ಬಿಟ್ಟನೋ ನನಗೆ ಗೊತ್ತಿಲ್ಲ" ಎಂದಿರಿ. ಮೊದಲೇ ಮಂಜೂರಾಗಿದ್ದ ರಜೆಯಲ್ಲಿ ಊರಿಗೆ ಹೋದಿರಿ. ಹೋಗುವಾಗ ನನ್ನ ಮುಖ ನೋಡಲಿಲ್ಲ.

ಕ್ರೇನಿನ ಸದ್ದಿನಲ್ಲಿ ಬೇರೆ ಯಾರಿಗೂ ಏನೂ ಕೇಳಿಸಿಲ್ಲವಂತೆ. ಮೆಸ್ಸಿನಲ್ಲಿ ಒಬ್ಬ, "ತನಿಯನ ಕೈಗೆ ಸಾರಿನ ಪಾತ್ರೆ ಕೊಡಬೇಡಿ, ಬಿಟ್ಟಾನು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನನಗೇ ಸಂಶಯ ಹತ್ತಿಕೊಂಡಿತು. ಯಾರೂ ಕೂಗಲೇ ಇಲ್ಲವೇನೋ, ಹೆದರಿ ಬಿಟ್ಟವನು ನಾನೇ, ತಪ್ಪಿಸಿಕೊಳ್ಳಲು ನಿಮ್ಮ ದನಿಯನ್ನು ಕಟ್ಟಿಕೊಂಡೆನೇನೋ ಎಂದು. ಮನುಷ್ಯನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಹೋದರೆ ಮತ್ತೆ ಯಾವುದನ್ನು ಹಿಡಿದು ನಿಲ್ಲುವುದು? ಫೋನ್ ಮಾಡಿದ್ದು ಕೆಲಸ ಉಳಿಸಿ ಎಂದು ಕೇಳಲಿಕ್ಕಲ್ಲ. ಕೂಗಿದ್ದು ಹೌದೇ ಅಲ್ಲವೇ, ಅಷ್ಟೇ ಕೇಳಬೇಕಿತ್ತು.

ಇವತ್ತು ಬೆಳಿಗ್ಗೆ ಆಫೀಸಿಗೆ ಕೊನೆಯ ಸಲ ಕರೆದಿದ್ದರು. ಇಂದು ಹೇಳಿದ್ದನ್ನೇ ಪೊಲೀಸರಿಗೆ ಕಳುಹಿಸುತ್ತಾರಂತೆ. ಮ್ಯಾನೇಜರು ಕೇಳಿದ್ದನ್ನು ಗುಮಾಸ್ತ ಸರ್ಫರಾಝ್ ಹಿಂದಿಯಲ್ಲಿ ಹೇಳಿದ. ಯಾರಾದರೂ ಬಿಡು ಎಂದರೇ, ಫೋರ್‌ಮನ್ ಆದ ನೀವು ಏನಾದರೂ ಕೂಗಿದಿರೇ ಎಂದು ಎರಡೆರಡು ಸಲ ಕೇಳಿದರು. ಗೋಡೆಯ ಏಸಿ ಗರ್ ಎನ್ನುತ್ತಿತ್ತು. ನಾನು ಕೈ ಎತ್ತಿದೆ. "ಮೈನ್" ಎಂದೆ. ದನಿ ಎಷ್ಟು ಜೋರಾಗಿ ಬಂತೆಂದರೆ ಹೊರಗೆ ಚಹಾ ತರುತ್ತಿದ್ದವನು ಬಾಗಿಲಿನಲ್ಲಿ ನಿಂತುಬಿಟ್ಟ. ತಪ್ಪು ನನ್ನದೇ ಎಂದು ಸರ್ಫರಾಝ್ ಬರೆದುಕೊಂಡ. ನೀವಿದ್ದರೆ, ಈಗ ಬಾಯಿ ಬಂತಲ್ಲ ಎನ್ನುತ್ತಿದ್ದಿರಿ.

ಕೆಲಸ ಖಲಾಸ್. ಊರಿಗೂ ಬರುವ ಹಾಗಿಲ್ಲ, ಕೇಸು ಮುಗಿಯುವವರೆಗೆ ಪಾಸ್‌ಪೋರ್ಟ್ ಕೊಡುವುದಿಲ್ಲ. ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ಸರ್ಫರಾಝ್ ಕಿಟಕಿಯ ಕಡೆ ನೋಡಿದ. ನನ್ನ ಅಮ್ಮ ನಿಮ್ಮ ಮನೆಗೆ ಬಂದು ಕೇಳಿದರೆ ತನಿಯನಿಗೆ ರಜೆ ಸಿಗಲಿಲ್ಲ ಎನ್ನಿ. ಅವಳು ನಿಮ್ಮ ಮಾತನ್ನು ನಂಬುತ್ತಾಳೆ.

ಆಫೀಸಿನಿಂದ ಬಂದು, ನೀವು ನನಗೆ ಕೊಟ್ಟಿದ್ದ ಗ್ಲೌಸಿಗೆ ಬಟ್ಟೆಯಲ್ಲಿ ತೆಂಗಿನೆಣ್ಣೆ ಹಚ್ಚಿದೆ. ಚರ್ಮ ಒಣಗಿ ಬಿರಿದಿತ್ತು. ನೀವು ತೋರಿಸಿದ ಹಾಗೆ ಒಳಗೆ ಚೆಂಡು ಇಟ್ಟು, ಹಗ್ಗ ಸುತ್ತಿ ನಿಮ್ಮ ಮಂಚದ ಮೇಲೆ ಇಟ್ಟಿದ್ದೇನೆ.

ಇಂತಿ ನಿಮ್ಮ ಟೀಮಿನ
ತನಿಯ

ತಾಜಾ ಕಲಂ: ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಜೇಕಬ್‌ನ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. "ಇನ್ನು ಓಡು ಎಂದು ಬೈಯಲು ಭಾವನಿಗೆ ಆಗುವುದಿಲ್ಲ" ಎಂದು ನಗಲು ನೋಡಿದ, ಆಗಲಿಲ್ಲ. ನಾನು ಕೇಳದೆಯೇ ಅವನೇ ಹೇಳಿದ, ಗುಂಡಿಯಲ್ಲಿದ್ದ ಅವನಿಗೂ ನಿಮ್ಮ ಕೂಗು ಕೇಳಿಸಿತ್ತಂತೆ. ಆಫೀಸಿನವರ ಹತ್ತಿರ ಹೇಳಲಾರೆ ಎಂದು ನನ್ನ ಕೈ ಹಿಡಿದುಕೊಂಡ. "ನನಗೆ ಕಾಲು ಹೋಯಿತು, ಭಾವನ ಕೆಲಸವೂ ಹೋದರೆ ಅಕ್ಕ ಏನು ಮಾಡುವುದು ತನಿಯ?" ಎಂದು ಅತ್ತ. ನಿಮಗೆ ಇದನ್ನು ತಿಳಿಸಬೇಡ ಎಂದಿದ್ದ. ಮುಂದಿನ ವಾರ ಅವನು ಫೋನ್ ಮಾಡುತ್ತಾನೆ. ಅದನ್ನಾದರೂ ನೀವೇ ಎತ್ತಿ ಅಣ್ಣ.