ಬಿಳಿ ಕೋಟಿನ ಅರಶಿನ

೪ ಮೇ, ಸೋಮವಾರ. ತಿರುವನಂತಪುರ.

ಮಗಳೇ ಶರ್ಮಿಳಾ, ನೀನು, ಗಣೇಶಪ್ರಸಾದ, ಮಧುರಾ ಎಲ್ಲರೂ ಸೌಖ್ಯವೇ? ಪತ್ರದ ಹಾಳೆ ಮುಗಿದಿದೆ. ದಿನಚರಿಯಲ್ಲೇ ಬರೆಯುತ್ತಿದ್ದೇನೆ, ನಾಳೆ ನಕಲು ಮಾಡಿ ಕಳಿಸುವೆ.

ಅಶ್ವಿತಾ ಇಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಸೇರಿದಳು. ಚಾಲೈ ಪೇಟೆಯಲ್ಲಿ ಬಿಳಿ ಕೋಟು ಕೊಂಡಿದ್ದೆವು. ಅವಳಮ್ಮ, ನಿನ್ನ ಅಕ್ಕ ವಿನೋದಾ ತೀರಿಹೋದ ಮೇಲೆ ಮನೆಗೆ ಬಂದ ಮೊದಲ ಹೊಸ ಬಟ್ಟೆ. ಅವಳು ಮಾಡುತ್ತಿದ್ದಂತೆ ಅಂಚಿಗೆ ಅರಶಿನ ಹಚ್ಚಿಕೊಟ್ಟೆ.

ಸಂಜೆ ನೋಡಿದರೆ ಅಂಚು ಕೆಂಪು. ಲ್ಯಾಬಿನಲ್ಲಿ ಯಾವುದೋ ಕ್ಷಾರ ಸಿಡಿದು, ಸುಣ್ಣ ತಾಗಿದ ಹಾಗೆ ಅರಶಿನದ ಬಣ್ಣ ತಿರುಗಿತ್ತು.

"ಎಲ್ಲ 'ರಕ್ತಮಾಣೋ?' ಅಂತ ಓಡಿ ಬಂದ್ರು ಅಜ್ಜಾ. ಮತ್ತೆ ಒಂದೇ ನಗೆ."

"ತಪ್ಪಾಯ್ತು ಪುಟ್ಟೀ. ನಿನ್ನಮ್ಮ ಹೀಗೇ ಹಚ್ಚುದಲ್ವಾ?"

"ಅಮ್ಮ ಒಳಮಡಿಕೆಗೆ ಹಚ್ಚುದು. ಯಾರಿಗೂ ಕಾಣ್ತಿರ್ಲಿಲ್ಲ."

ಕೋಟನ್ನು ಬಕೆಟಿನಲ್ಲಿ ನೆನೆಹಾಕುತ್ತಾ ಅತ್ತಳು. ಅಮ್ಮ ಹೋದ ಈ ಎಂಟು ತಿಂಗಳಲ್ಲಿ ಅವಳು ಅತ್ತದ್ದನ್ನು ಕಂಡದ್ದು ಇದೇ ಮೊದಲು.

ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಆ ಒಳಮಡಿಕೆಯನ್ನು ನಾನು ನೋಡಿರಲಿಲ್ಲ. ವಿನೋದಾ ಈ ಮಗುವಿಗೆ ಇನ್ನೂ ಏನೇನು ಮಾಡುತ್ತಿದ್ದಳು? ನಿನಗೆ ನೆನಪಿರುವಷ್ಟನ್ನು ಬರೆ ಶರ್ಮಿಳಾ, ಬೇಗ ಬರೆ.