ರೇಷ್ಮೆ ಶೆಡ್ಡಿಗೆ ಬಂದ ಭಟ್ಟಿ

ಪೀಣ್ಯ
12 ಫೆಬ್ರವರಿ 1998

ಪ್ರೀತಿಯ ವನಜಾಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಆದರೆ ಇದನ್ನು ನಿಮ್ಮತ್ತೆಯ ಎದುರು ಓದಬೇಡ.

ನಮ್ಮ ಮನೆಯ ಹಿಂದಿನ ಸೀಸದ ಭಟ್ಟಿಯನ್ನು ದೀಪಾವಳಿ ಆದಮೇಲೆ ಮಾಲಿನ್ಯ ಮಂಡಳಿಯವರು ಮುಚ್ಚಿಸಿದರಲ್ಲ, ಅಂದಿನಿಂದ ನನ್ನ ಸುಕನ್ಯಾಳ ಮುಖಕ್ಕೆ ಕಳೆ ಬಂದಿದೆ. ಹೊಟ್ಟೆನೋವೆಂದು ಮುದುಡಿ ಮಲಗುತ್ತಿದ್ದವಳು ಈಗ ಇನ್ನೊಂದು ಮುದ್ದೆ ಕೇಳುತ್ತಾಳೆ. ಅವಳ ರಕ್ತದಲ್ಲೇ ಸೀಸ ಸೇರಿತ್ತಂತೆ. ಹಳೇ ಬ್ಯಾಟರಿ ಕರಗಿಸುವ ಹೊಗೆ ಸಾಲದೆಂಬಂತೆ, ಅಲ್ಲಿಯ ಬೂದಿಯಲ್ಲಿ ತಿಕ್ಕಿದರೆ ಹಿತ್ತಾಳೆ ಫಳಫಳ ಅನ್ನುತ್ತದೆಂದು ಇಡೀ ವಠಾರವೇ ಬುಟ್ಟಿ ಹಿಡಿದು ಹೋಗಿ ತರುತ್ತಿತ್ತು. ಕೇಳಿ ಡಾಕ್ಟರು ತಲೆ ಚಚ್ಚಿಕೊಂಡರು. ಭಟ್ಟಿಯ ಜೊತೆಗೆ ನಿಮ್ಮ ಭಾವನ ಕೆಲಸವೂ ಹೋಯಿತು ನಿಜ; ಮಗು ಉಳಿಯಿತಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ.

ನಿನ್ನೆ, ಅಲ್ಲಿ ಬ್ಯಾಟರಿ ಒಡೆಯುತ್ತಿದ್ದ ಹನುಮವ್ವ ಸಿಕ್ಕಿದ್ದಳು. "ಅಕ್ಕಾರ, ಭಟ್ಟಿ ಮತ್ತ ಚಾಲೂ ಆಗತೈತ್ರಿ. ಮಾದನಾಯಕನಹಳ್ಳ್ಯಾಗ, ಶಿವಶಂಕರ ಅನ್ನವ್ರ ರೇಷ್ಮಿ ಶೆಡ್ಡಿನಾಗ. ಸೋಮವಾರ ಬಾ ಅಂದಾರ" ಎಂದಳು. ನಿನ್ನ ಗಂಡನ ಶೆಡ್ಡು, ವನಜಾ. ಅಡುಗೆಮನೆ ಕಿಟಕಿ ತೆಗೆದರೆ ಅದೇ ತಾನೇ ಕಾಣುವುದು? ನೇರ ಡಾಕ್ಟರ ಹತ್ತಿರ ಹೋದೆ. "ಐದು ತಿಂಗಳ ಬಸುರಿ ಅಂತೀರಿ, ಅಲ್ಲಿ ಇಟ್ಕೋಬೇಡಿ ಕಣಮ್ಮ. ತಾಯಿ ರಕ್ತದಿಂದ ಮಗೂಗೂ ಹೋಗತ್ತೆ" ಎಂದರು.

ಭಾನುವಾರ ನಾನೇ ಬರುತ್ತೇನೆ, ಬಟ್ಟೆ ಕಟ್ಟಿಟ್ಟಿರು. "ಏಳು ತುಂಬ್ದೆ ಎಂಗವ್ವಾ ಕಳ್ಸೋದು, ಅಂಗೆಲ್ಲ ಪದ್ಧತಿ ಇಲ್ಲ" ಎಂದು ನಿಮ್ಮತ್ತೆ ತಗಾದೆ ತೆಗೆಯುತ್ತಾರೆ, ಗೊತ್ತು. ಸುಕನ್ಯಾಳಿಗೆ ಮತ್ತೆ ಕಾಯಿಲೆ, ನಿನ್ನನ್ನೇ ಕೇಳುತ್ತಾಳೆ ಎಂದು ಸುಳ್ಳು ಹೇಳು, ಪಾಪ ನನಗಿರಲಿ. ಅಮ್ಮ ಇಲ್ಲದ ಮೇಲೆ ನಾನೇ ನಿನಗೆ ತವರು. ಶಿವಶಂಕರ್ ತಿಳಿಯದೆ ಬಾಡಿಗೆಗೆ ಕೊಟ್ಟಿರಬಹುದು, ಅವರೊಡನೆ ಆಮೇಲೆ ಕೂತು ಮಾತಾಡೋಣ. ಆ ಬೂದಿಯನ್ನು ಮಾತ್ರ ಯಾರೂ ಮನೆಯೊಳಗೆ ತರದಂತೆ ನೋಡಿಕೋ.

ನೀನೂ ಹೊಟ್ಟೆಯಲ್ಲಿರುವ ಕೂಸೂ ನೂರು ಕಾಲ ತಣ್ಣಗಿರಿ.

ನಿನ್ನ ಅಕ್ಕ,
ವಸಂತ

ಮರೆತ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮಂಡಳಿಯವರಿಗೆ ಇದನ್ನೂ ಹೇಳಿಬರುತ್ತೇನೆಂದು ಬೆಳಿಗ್ಗೆ ಹೊರಟರೆ ನಿಮ್ಮ ಭಾವ ಬಾಗಿಲಿಗೆ ಅಡ್ಡ ನಿಂತರು. "ಭಟ್ಟಿ ಮಾಲೀಕ್ರಿಗೆ ಆ ಜಾಗ ತೋರ್ಸಿದ್ದೇ ನಾನು. ಹಳ್ಳೀಲಿ ಯಾರು ಬಂದು ನೋಡ್ತಾರೆ? ನಂಗೆ ಕೆಲಸ ಬೇಡ್ವಾ?" ಎಂದರು. ವನಜಾ ಬಸುರಿ ಅಲ್ವಾ ಎಂದೆ. "ಗೊತ್ತು" ಎಂದರು. ಹೋದ ತಿಂಗಳು ನಾನು ಕೊಟ್ಟು ಕಳಿಸಿದ ಹುಣಸೇಕಾಯಿ ಹಿಡಿದು ನಿನ್ನನ್ನು ನೋಡಲು ಬಂದಿದ್ದರಲ್ಲ, ಮಾಲೀಕರಿಗೆ ಶೆಡ್ಡು ತೋರಿಸಿದ್ದು ಅವತ್ತೇ.